ಬ್ರೌಸರ್ ಕಲಿಕೆ: ಅಡ್ರೆಸ್ ಬಾರ್‌ನಿಂದ ಶುರು ಮಾಡೋಣ

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಸಫಾರಿ ಎಲ್ಲವೂ ಬ್ರೌಸರ್‌ಗಳೇ, ಅಂದರೆ ವೆಬ್‌ಸೈಟ್ ತೆರೆದು ತೋರಿಸುವ ಆ್ಯಪ್‌ಗಳು. ಒಂದನ್ನು ಕಲಿತರೆ ಉಳಿದವು ಕಷ್ಟವಿಲ್ಲ, ಬಟನ್‌ಗಳ ಜಾಗ ಸ್ವಲ್ಪ ಆಚೀಚೆ ಇರುತ್ತದೆ ಅಷ್ಟೇ. ಆದರೆ ಗೂಗಲ್ ಬ್ರೌಸರ್ ಅಲ್ಲ. ಅದು ಬ್ರೌಸರ್ ಒಳಗೆ ತೆರೆಯುವ, ಹುಡುಕಿಕೊಡುವ ವೆಬ್‌ಸೈಟ್. 2008ರಲ್ಲಿ ಕ್ರೋಮ್ ಬಂದಾಗ ವಿಳಾಸ ಬರೆಯುವುದು, ಹುಡುಕುವುದು ಎರಡನ್ನೂ ಒಂದೇ ಬಾರ್‌ನಲ್ಲಿ ಇಟ್ಟಿತು. ಈಗ ಹೆಚ್ಚಿನ ಬ್ರೌಸರ್‌ಗಳು ಹಾಗೇ ಇವೆ. ಬ್ರೌಸರ್, ಗೂಗಲ್ ಎರಡೂ ಒಂದೇ ಎಂದು ಅನಿಸುವುದು ಅದಕ್ಕೇ.

ಪಾಠಗಳಲ್ಲಿ ಸಾಮಾನ್ಯವಾಗಿ ಬಟನ್‌ಗಳನ್ನು ಮೊದಲು ತೋರಿಸುತ್ತಾರೆ. ನನ್ನ ಪ್ರಕಾರ ಮೊದಲು ಕಲಿಯಬೇಕಾದದ್ದು ಮೇಲಿರುವ ಅಡ್ರೆಸ್ ಬಾರ್‌ನಲ್ಲಿನ ವಿಳಾಸ ಓದುವುದನ್ನು. ನಾವು ಎಲ್ಲಿದ್ದೇವೆ ಎಂದು ಹೇಳುವುದು ಅದೇ. ಪುಟದ ಒಳಗಿನ ಲಾಂಛನ, ಫೋಟೋ, ಬಣ್ಣ ಎಲ್ಲವನ್ನೂ ಯಾರು ಬೇಕಾದರೂ ನಕಲು ಮಾಡಬಹುದು.

ಸೇವಾ ಸಿಂಧು ವಿಳಾಸವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ: ಸೇವಾಸಿಂಧು.ಕರ್ನಾಟಕ.ಗವ್.ಇನ್. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ. ಇದನ್ನು ಬಲಗಡೆಯಿಂದ ಓದಬೇಕು. 'ಇನ್' ಅಂದರೆ ಭಾರತ. 'ಗವ್.ಇನ್' ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ. ಅದರ ಒಳಗೆ ಕರ್ನಾಟಕ, ಅದರ ಒಳಗೆ ಸೇವಾ ಸಿಂಧು. ಅಂಚೆ ವಿಳಾಸದಲ್ಲಿ ಕೊನೆಯ ಸಾಲಿನಿಂದ ಮೇಲೆ ಹೋದ ಹಾಗೆ, ದೊಡ್ಡದರಿಂದ ಚಿಕ್ಕದಕ್ಕೆ.

ಈಗ ಇದನ್ನು ನೋಡಿ: ಕರ್ನಾಟಕ.ಗವ್.ಇನ್.ಎಕ್ಸಾಂಪಲ್.ಕಾಮ್. ಶುರುವಿನಲ್ಲಿ ಸರ್ಕಾರದ ಹೆಸರಿದೆ, ಆದರೆ ಬಲತುದಿಯಲ್ಲಿರುವುದು 'ಎಕ್ಸಾಂಪಲ್.ಕಾಮ್'. ಸೈಟ್ ಆ ಹೆಸರಿನ ಒಡೆಯರದ್ದೇ, ಸರ್ಕಾರದ್ದಲ್ಲ. ಎಡಗಡೆ ಏನು ಬೇಕಾದರೂ ಸೇರಿಸಿಕೊಳ್ಳಬಹುದು. ಉದ್ದದ ವಿಳಾಸವಾದರೆ ಮೊದಲ ಒಂಟಿ ಓರೆಗೆರೆ ಬರುವವರೆಗೆ ಮಾತ್ರ ನೋಡಿ, ಅಲ್ಲಿಂದ ಹಿಂದಕ್ಕೆ ಓದಿ. ಆರಂಭದ 'ಎಚ್‌ಟಿಟಿಪಿಎಸ್' ಜೊತೆ ಬರುವ ಜೋಡಿ ಗೆರೆ ಇದಕ್ಕೆ ಲೆಕ್ಕವಿಲ್ಲ. ಮೊಬೈಲ್‌ನಲ್ಲಿ ವಿಳಾಸ ಪೂರ್ತಿ ಕಾಣುವುದಿಲ್ಲ, ಮುಟ್ಟಿ ತೆರೆದು ನೋಡಬೇಕು.

ಆ 'ಎಚ್‌ಟಿಟಿಪಿಎಸ್' ಇದ್ದರೆ ಸಾಕಲ್ವಾ ಎಂದು ತುಂಬಾ ಜನ ಕೇಳುತ್ತಾರೆ. ಸಾಲದು. ನೀವು ಕಳಿಸುವ ಮಾಹಿತಿಯನ್ನು ದಾರಿಯಲ್ಲಿ ಬೇರೆಯವರು ಓದಲಾಗದು ಎಂದಷ್ಟೇ ಅದರರ್ಥ. ಆ ತುದಿಯಲ್ಲಿ ಕೂತವರು ಒಳ್ಳೆಯವರೋ ಮೋಸಗಾರರೋ ಅದು ಹೇಳುವುದಿಲ್ಲ. ಮೋಸದ ಸೈಟ್‌ಗಳಲ್ಲೂ ಅದು ಇರುತ್ತದೆ. 'ಎಚ್‌ಟಿಟಿಪಿಎಸ್' ಇದ್ದಾಗ ತೋರಿಸುತ್ತಿದ್ದ ಬೀಗದ ಗುರುತನ್ನೇ ಕ್ರೋಮ್ 2023ರಲ್ಲಿ ತೆಗೆದು ಬೇರೆ ಗುರುತು ಹಾಕಿದ್ದು ಈ ತಪ್ಪು ತಿಳಿವಳಿಕೆಯಿಂದಲೇ. ಹುಡುಕಿದಾಗ ಮೇಲೆ 'ಸ್ಪಾನ್ಸರ್ಡ್' ಎಂದು ಬರುವ ಲಿಂಕ್‌ಗಳು ದುಡ್ಡು ಕೊಟ್ಟು ಹಾಕಿದ ಜಾಹೀರಾತುಗಳು. ಅಲ್ಲೂ ವಿಳಾಸ ನೋಡಿಯೇ ಒತ್ತಿ.

ಕೀಬೋರ್ಡ್‌ನಲ್ಲಿ ನಾಲ್ಕು ಸಾಕು. ಕಂಟ್ರೋಲ್ ಎಲ್ ಒತ್ತಿದರೆ ಸೀದಾ ಅಡ್ರೆಸ್ ಬಾರ್‌ಗೆ. ಕಂಟ್ರೋಲ್ ಟಿ ಹೊಸ ಟ್ಯಾಬ್. ಕಂಟ್ರೋಲ್ ಶಿಫ್ಟ್ ಟಿ ಒತ್ತಿದರೆ ಈಗಷ್ಟೇ ಮುಚ್ಚಿಹೋದ ಟ್ಯಾಬ್ ವಾಪಸ್ ಬರುತ್ತದೆ. ಕಂಟ್ರೋಲ್ ಎಫ್ ಪುಟದ ಒಳಗೆ ಹುಡುಕಲು. ಉದ್ದದ ಪಟ್ಟಿಯಲ್ಲಿ ಹೆಸರು ಹುಡುಕುವಾಗ ಇದು ಬಹಳ ಉಪಯೋಗ. ಕನ್ನಡದಲ್ಲೂ ನಡೆಯುತ್ತದೆ, ಆದರೆ ಪುಟ ಯೂನಿಕೋಡ್‌ನಲ್ಲಿ, ಅಂದರೆ ಕನ್ನಡವನ್ನು ಕಂಪ್ಯೂಟರ್ ಕನ್ನಡವಾಗಿಯೇ ಗುರುತಿಸುವ ಸಂಕೇತದಲ್ಲಿ ಇರಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಪಿಡಿಎಫ್‌ಗಳಲ್ಲಿ ಕಣ್ಣಿಗೆ ಕನ್ನಡ ಕಂಡರೂ ಒಳಗೆ ಇರುವುದು ಬೇರೆ ಸಂಕೇತ. ಹಾಗಾಗಿ ಹೆಸರು ಪಟ್ಟಿಯಲ್ಲಿದ್ದರೂ 'ಇಲ್ಲ' ಎಂದೇ ಬರುತ್ತದೆ. ಅದನ್ನು ನಂಬಿ ಮುಚ್ಚಬೇಡಿ, ಕಣ್ಣಾಡಿಸಿ.

ಸೈಬರ್ ಸೆಂಟರ್, ಲೈಬ್ರರಿಯ ಕಂಪ್ಯೂಟರ್‌ನಲ್ಲಿ ಬ್ರೌಸರ್‌ನ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿ ಬಳಸಿ. ಕೆಲಸ ಮುಗಿದ ಮೇಲೆ ಅಂಥ ಕಿಟಕಿಗಳನ್ನೆಲ್ಲ ಮುಚ್ಚಿದರೆ ಹಿಸ್ಟರಿ, ಲಾಗಿನ್ ಆ ಬ್ರೌಸರ್‌ನಲ್ಲಿ ಉಳಿಯುವುದಿಲ್ಲ. ಇಂಟರ್‌ನೆಟ್ ಕೊಡುವ ಕಂಪನಿಗೆ ನೀವು ಹೋದ ಸೈಟ್ ಗೊತ್ತಾಗುವುದನ್ನು ಅದು ತಡೆಯುವುದಿಲ್ಲ. ಇನ್ನೊಂದು, ಇದನ್ನು ಜಾಸ್ತಿ ಜನ ಮರೆಯುತ್ತಾರೆ: ಇಳಿಸಿಕೊಂಡ ಆಧಾರ್, ಪಹಣಿ, ಅಂಕಪಟ್ಟಿ ಆ ಕಂಪ್ಯೂಟರ್‌ನ ಡೌನ್‌ಲೋಡ್ಸ್ ಫೋಲ್ಡರ್‌ನಲ್ಲಿ ಹಾಗೇ ಇರುತ್ತವೆ. ಪ್ರಿಂಟ್ ತೆಗೆದುಕೊಂಡ ಮೇಲೆ ಫೈಲ್ ಆರಿಸಿ ಶಿಫ್ಟ್ ಡಿಲೀಟ್ ಒತ್ತಿ, ಆಗ ವಿಂಡೋಸ್‌ನಲ್ಲಿ ರಿಸೈಕಲ್ ಬಿನ್‌ಗೂ ಹೋಗುವುದಿಲ್ಲ.