ಗ್ಲುಕೋಸ್ ಬಾಟಲಿಗಿಂತ ಮೊದಲು

"ಡಾಕ್ಟರೇ, ಇವರಿಗೆ ಒಂದು ಶಕ್ತಿಯ ಬಾಟಲಿ ಹಾಕಿಬಿಡಿ." ದಾವಣಗೆರೆಯ ಐಸಿಯು ಬಾಗಿಲಿನಲ್ಲಿ ನಿಂತವರಿಗೆ ಪರಿಚಿತವಾದ ಮಾತಿದು. ಜಗಳೂರು, ಹರಪನಹಳ್ಳಿ, ಹೊಳಲ್ಕೆರೆ ಕಡೆಯಿಂದ ಬಂದವರ ಮನಸ್ಸಿನಲ್ಲಿ ಶಕ್ತಿಯ ಬಾಟಲಿ ಎಂದರೆ ಹಳದಿ ಬಾಟಲಿ, ಅಂದರೆ ಗ್ಲುಕೋಸಿಗೆ ವಿಟಮಿನ್ ಬೆರೆಸಿದ್ದು. ಜ್ವರಕ್ಕೂ ಸುಸ್ತಿಗೂ ಊರಿನ ಕ್ಲಿನಿಕ್ಕಿನಲ್ಲಿ ಅದನ್ನೇ ಏರಿಸಿಕೊಂಡು ರೂಢಿಯಾಗಿದೆ. ಆ ಹಳದಿ ಬಣ್ಣ ಬರುವುದು ರೈಬೋಫ್ಲೇವಿನ್‌ನಿಂದ, ಅಂದರೆ ಬಿ2ನಿಂದ. ಬಣ್ಣ ಗಾಢವಾದಷ್ಟೂ ಶಕ್ತಿ ಹೆಚ್ಚು ಎಂಬುದಕ್ಕೆ ಆಧಾರವಿಲ್ಲ. ಮರುದಿನ ಮೂತ್ರ ಹಳದಿಯಾಗುವುದು ಮಾತ್ರ ಗ್ಯಾರಂಟಿ.

ಹಾಗೆಂದು ಆ ಬೇಡಿಕೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ತೀವ್ರ ನಿಗಾ ಘಟಕದಲ್ಲಿ ಮಲಗಿದವರಿಗೆ ವಿಟಮಿನ್ ಕೊರತೆ ನಿಜಕ್ಕೂ ಇರುತ್ತದೆ, ಕೆಲವೊಮ್ಮೆ ಪ್ರಾಣಕ್ಕೇ ಎರವಾಗುವಷ್ಟು. ಆದರೆ ಜನ ಕೇಳುವ ವಿಟಮಿನ್ ಒಂದು, ನಿಜವಾಗಿ ಬೇಕಾದದ್ದು ಇನ್ನೊಂದು. ಅವಸರದಲ್ಲಿ ಕೊಡಲೇಬೇಕಾದದ್ದು ಬಿ1, ಅಂದರೆ ಥಯಾಮಿನ್. ಅದರ ಕೊರತೆಯ ಸುಳಿವು ಲ್ಯಾಬಿಗಿಂತ ಮೊದಲು ಸಿಗುವುದು ಮನೆಯವರ ಬಾಯಲ್ಲಿ.

ನಮ್ಮ ಶರೀರದಲ್ಲಿ ಥಯಾಮಿನ್ ದಾಸ್ತಾನು ಇರುವುದೇ ಸುಮಾರು 25ರಿಂದ 30 ಮಿಲಿಗ್ರಾಂ. ಹೊರಗಿನಿಂದ ಬರುವುದು ನಿಂತರೆ ಎರಡು ಮೂರು ವಾರಗಳಲ್ಲಿ ಖಾಲಿ. ಕಾಯಿಲೆಯಲ್ಲಿ ಖರ್ಚು ಇನ್ನೂ ಹೆಚ್ಚು. ಹೃದಯ ವೈಫಲ್ಯಕ್ಕೆಂದು ಕೊಡುವ ಫ್ಯೂರೊಸೆಮೈಡ್, ಅಂದರೆ ಜನ ಹೇಳುವ ನೀರಿನ ಮಾತ್ರೆ, ಅದನ್ನು ಮೂತ್ರದಲ್ಲಿ ಹೊರಗೆ ಸಾಗಿಸುತ್ತದೆ. ಡಯಾಲಿಸಿಸ್‌ನಲ್ಲೂ ಸೋರಿ ಹೋಗುತ್ತದೆ. ಮದ್ಯಪಾನ ಮಾಡುವವರ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದೇ ಇಲ್ಲ. ಗರ್ಭಿಣಿಯ ನಿಲ್ಲದ ವಾಂತಿ, ತೂಕ ಇಳಿಸಲು ಮಾಡಿಸಿಕೊಂಡ ಹೊಟ್ಟೆಯ ಶಸ್ತ್ರಚಿಕಿತ್ಸೆ, ಕ್ಯಾನ್ಸರಿನಿಂದ ಊಟ ಸೇರದ ತಿಂಗಳುಗಳು, ಎಲ್ಲವೂ ಇದೇ ಕಡೆಗೆ ಒಯ್ಯುತ್ತವೆ.

ಗ್ಲುಕೋಸ್ ಜೀವಕೋಶದೊಳಗೆ ಪೈರುವೇಟ್ ಆಗುತ್ತದೆ. ಅದು ಮುಂದಿನ ಹಂತಕ್ಕೆ ಹೋಗಿ ಪೂರ್ತಿ ಶಕ್ತಿಯಾಗಬೇಕಾದರೆ ಥಯಾಮಿನ್ ಬೇಕೇ ಬೇಕು. ಇಲ್ಲದಿದ್ದರೆ ಪೈರುವೇಟ್ ಲ್ಯಾಕ್ಟೇಟ್ ಆಗಿ ರಕ್ತದಲ್ಲಿ ಶೇಖರವಾಗುತ್ತದೆ. ಕರೆಂಟ್ ಹೋದ ರೈಸ್ ಮಿಲ್ಲಿಗೆ ಇನ್ನೆರಡು ಲಾರಿ ಭತ್ತ ಕಳಿಸಿದರೆ ಅಂಗಳ ತುಂಬುತ್ತದೆಯೇ ಹೊರತು ಅಕ್ಕಿ ಬರುವುದಿಲ್ಲ. ವಾರಗಟ್ಟಲೆ ಊಟವಿಲ್ಲದವರಿಗೆ ಬರೀ ಗ್ಲುಕೋಸ್ ಏರಿಸಿದಾಗ ಆಗುವುದೂ ಅಷ್ಟೇ. ಅಳಿದುಳಿದ ಥಯಾಮಿನ್ ಆ ಗ್ಲುಕೋಸಿಗೇ ಖರ್ಚಾಗಿ, ಅರೆಹೊಟ್ಟೆಯಲ್ಲಿ ಹೇಗೋ ನಡೆದುಕೊಂಡಿದ್ದ ಮಿದುಳು ಮತ್ತು ಹೃದಯ ಒಮ್ಮೆಲೇ ಕೈಚೆಲ್ಲುತ್ತವೆ.

ಇಂಥ ರೋಗಿ ನಮ್ಮ ಕಣ್ಣಿಗೆ ಹೇಗೆ ಕಾಣುತ್ತಾನೆ? ನಲವತ್ತೈದು ದಾಟಿದ ಗಂಡಸು, ಎರಡು ವಾರದಿಂದ ವಾಂತಿ, ಊರಿನಲ್ಲಿ ಮೂರು ನಾಲ್ಕು ಬಾಟಲಿ ಗ್ಲುಕೋಸ್ ಆಗಿದೆ. ಹೆಸರು ಹೇಳುತ್ತಾನೆ, ಊರು ತಪ್ಪಿ ಹೇಳುತ್ತಾನೆ. ಬೆರಳನ್ನು ಅವನ ಕಣ್ಣೆದುರು ಪಕ್ಕಕ್ಕೆ ಸರಿಸಿದರೆ ಕಣ್ಣುಗುಡ್ಡೆಗಳು ಅರ್ಧ ದಾರಿಯಲ್ಲೇ ಅದುರುತ್ತವೆ. ಎಬ್ಬಿಸಿ ನಿಲ್ಲಿಸಿದರೆ ಕಾಲು ಅಗಲಿಸಿ ತೂರಾಡುತ್ತಾನೆ. ರಕ್ತದೊತ್ತಡ ಕಡಿಮೆ. ಲ್ಯಾಕ್ಟೇಟ್ 2ರ ಒಳಗೆ ಇರಬೇಕಾದದ್ದು 9 ಇದೆ. ಮೊದಲ ನೋಟಕ್ಕೆ ಎಲ್ಲರ ಬಾಯಲ್ಲೂ ಬರುವುದು ಸೆಪ್ಸಿಸ್, ಅಂದರೆ ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಗಳು ಸೋಲುವ ಸ್ಥಿತಿ. ಆಂಟಿಬಯೋಟಿಕ್ ಶುರುವಾಗುತ್ತದೆ, ರಕ್ತದೊತ್ತಡ ಏರಿಸುವ ಔಷಧ ಶುರುವಾಗುತ್ತದೆ, ಲ್ಯಾಕ್ಟೇಟ್ ಮಾತ್ರ ಇಳಿಯುವುದಿಲ್ಲ. ಆಗ ಥಯಾಮಿನ್ ರಕ್ತನಾಳಕ್ಕೆ ಹೋದರೆ, ಕೊರತೆಯೇ ಕಾರಣವಾಗಿದ್ದಲ್ಲಿ, ಕೆಲವೇ ಗಂಟೆಗಳಲ್ಲಿ ಲ್ಯಾಕ್ಟೇಟ್ ಇಳಿಮುಖವಾಗುತ್ತದೆ. ಐಸಿಯುನಲ್ಲಿ ಇಷ್ಟು ಅಗ್ಗದ ಔಷಧ ಇಷ್ಟು ಬೇಗ ಕೆಲಸ ಮಾಡುವುದನ್ನು ನೋಡುವ ಅವಕಾಶ ಹೆಚ್ಚು ಸಿಗುವುದಿಲ್ಲ.

ಗೊಂದಲ, ಕಣ್ಣಿನ ಅದುರುವಿಕೆ, ತೂರಾಟ, ಈ ಮೂರೂ ಸೇರಿದರೆ ವರ್ನಿಕೆ ಎನ್ಸೆಫಲೋಪತಿ, ಅಂದರೆ ಬಿ1 ಕೊರತೆಯಿಂದ ಬರುವ ಮಿದುಳಿನ ಕಾಯಿಲೆ ಎಂದು ಪುಸ್ತಕದಲ್ಲಿ ಓದಿರುತ್ತೇವೆ. ಆದರೆ ಮೂರೂ ಒಟ್ಟಿಗೆ ಕಾಣುವುದು ಅಲ್ಪಸಂಖ್ಯಾತರಲ್ಲಿ ಮಾತ್ರ. ವೆಂಟಿಲೇಟರಿನಲ್ಲಿ ನಿದ್ದೆಯ ಔಷಧದಡಿ ಮಲಗಿದವರ ನಡಿಗೆಯನ್ನು ಪರೀಕ್ಷಿಸುವುದೆಲ್ಲಿಂದ ಬಂತು? ಥಯಾಮಿನ್ ಮಟ್ಟ ಅಳೆಯುವ ಪರೀಕ್ಷೆ ಇದೆ ನಿಜ, ಆದರೆ ಮಾದರಿ ದೂರದ ದೊಡ್ಡ ಲ್ಯಾಬಿಗೆ ಹೋಗಿ ವರದಿ ಬರಲು ದಿನಗಳು ಬೇಕು. ಅಷ್ಟರಲ್ಲಿ ಮಿದುಳಿಗೆ ಶಾಶ್ವತ ಹಾನಿ ಆಗಿರುತ್ತದೆ, ಮರೆವು ಮಾತ್ರ ಉಳಿಯುತ್ತದೆ. ಆದ್ದರಿಂದ ಅನುಮಾನ ಬಂದರೆ ಕೊಡಬೇಕು, ಕಾಯಬಾರದು. ಐಸಿಯುಗೆ ಬಂದ ರೋಗಿಗಳಿಗೆ ಮೊದಲ ಮೂರು ನಾಲ್ಕು ದಿನ ನಿತ್ಯ 100ರಿಂದ 300 ಮಿಲಿಗ್ರಾಂ ಕೊಡಿ ಎಂದು ಯುರೋಪಿನ ಪೋಷಣಾ ತಜ್ಞರ 2022ರ ಮಾರ್ಗಸೂಚಿ ಹೇಳುತ್ತದೆ. ವರ್ನಿಕೆ ಅನುಮಾನವಿದ್ದರೆ ಪ್ರಮಾಣ ಇನ್ನೂ ಹೆಚ್ಚು, ದಿನಕ್ಕೆ ಮೂರು ಬಾರಿ 500 ಮಿಲಿಗ್ರಾಂವರೆಗೆ, ಅದೂ ರಕ್ತನಾಳಕ್ಕೇ. ಮಾತ್ರೆ ಇಲ್ಲಿ ಸಾಲದು. ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆಯಿದ್ದರೆ ಅದನ್ನೂ ತುಂಬಬೇಕು, ಇಲ್ಲದಿದ್ದರೆ ಕೊಟ್ಟ ಥಯಾಮಿನ್ ಕೆಲಸಕ್ಕೆ ಬರುವುದಿಲ್ಲ. ಒಂದು ಎಚ್ಚರಿಕೆ: ರೋಗಿಯ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿದಿದ್ದರೆ ಥಯಾಮಿನ್‌ಗಾಗಿ ಗ್ಲುಕೋಸ್ ತಡ ಮಾಡಬಾರದು. ಎರಡನ್ನೂ ಒಟ್ಟಿಗೇ ಕೊಡಬೇಕು.

ನಮ್ಮ ಜಿಲ್ಲೆಯಲ್ಲಿ ಇದನ್ನು ಒತ್ತಿ ಹೇಳಲು ಕಾರಣವಿದೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತ ಮಿಲ್ಲಿನಲ್ಲಿ ಮಲ್ಲಿಗೆಯಂತೆ ಬಿಳಿಯಾಗಿ ಹೊರಬರುತ್ತದೆ, ಬಿ1 ತುಂಬಿದ ತೌಡು ದನಗಳಿಗೂ ಎಣ್ಣೆ ಕಾರ್ಖಾನೆಗೂ ಹೋಗುತ್ತದೆ. ಉಳಿದ ಅಲ್ಪಸ್ವಲ್ಪವನ್ನು ಅಕ್ಕಿ ಮೂರು ನಾಲ್ಕು ಬಾರಿ ತೊಳೆದು, ಗಂಜಿ ಬಸಿದು ಚೆಲ್ಲುತ್ತೇವೆ. ಪಾಲಿಶ್ ಅಕ್ಕಿ ತಿಂದ ಕೋಳಿಗಳ ಕಾಲು ಸೋಲುವುದನ್ನೂ ತೌಡಿರುವ ಅಕ್ಕಿ ತಿಂದು ಅವು ಚೇತರಿಸಿಕೊಳ್ಳುವುದನ್ನೂ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್‌ಮನ್ ಜಾವಾದಲ್ಲಿ 1890ರ ದಶಕದಲ್ಲೇ ಗಮನಿಸಿದ್ದರು. 1929ರ ನೊಬೆಲ್ ಬಹುಮಾನದಲ್ಲಿ ಅವರಿಗೆ ಪಾಲು ಸಿಕ್ಕಿತು. ಭತ್ತವನ್ನು ಕುದಿಸಿದಾಗ ಬಿ1 ಕಾಳಿನ ಒಳಕ್ಕೆ ಇಳಿಯುವುದರಿಂದ ಕರಾವಳಿಯ ಕುಸುಬಲಕ್ಕಿ ಈ ವಿಷಯದಲ್ಲಿ ವಾಸಿ. ರಾಗಿ ಮುದ್ದೆಯ ಚಿತ್ರದುರ್ಗದವರೂ ನಮಗಿಂತ ಮೇಲೆ, ಅವರ ಮಕ್ಕಳು ಈಗ ಮುದ್ದೆ ಬಿಟ್ಟು ಅನ್ನಕ್ಕೆ ಬಂದಿರುವುದು ಬೇರೆ ಮಾತು. ಬಾಣಂತಿಗೆ ಬೇಳೆ, ತರಕಾರಿ ಬಿಡಿಸಿ ಬಿಳಿ ಅನ್ನದ ಪಥ್ಯದಲ್ಲಿಡುವ ಮನೆಗಳಲ್ಲಿ ಎದೆಹಾಲು ಕುಡಿಯುವ ಕೂಸಿಗೇ ಹೃದಯ ಸೋತು ಉಸಿರು ಕಟ್ಟುವುದುಂಟು. ಥಯಾಮಿನ್ ಕೊಟ್ಟೊಡನೆ ಚೇತರಿಸಿಕೊಂಡ ಇಂಥ ಕೂಸುಗಳ ಬಗ್ಗೆ ಕರ್ನಾಟಕದಿಂದಲೇ ವೈದ್ಯಕೀಯ ವರದಿಗಳು ಪ್ರಕಟವಾಗಿವೆ.

ಎರಡನೆಯದು ವಿಟಮಿನ್ ಕೆ. ಇದನ್ನು ಯಾರೂ ಕೇಳುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ 2, 7, 9 ಮತ್ತು 10ನೇ ಅಂಶಗಳನ್ನು ಯಕೃತ್ತು ತಯಾರಿಸುವುದು ಇದರ ಬಲದಿಂದ. ಊಟವಿಲ್ಲ, ಪಿತ್ತನಾಳ ಕಟ್ಟಿದೆ, ಮೇಲಿಂದ ಬಲವಾದ ಆಂಟಿಬಯೋಟಿಕ್ ನಡೆದಿದೆ ಎಂದರೆ ಅದು ಬೇಗ ಮುಗಿಯುತ್ತದೆ. ನಮ್ಮಲ್ಲಿ ಧಾರಾಳವಾಗಿ ಬಳಸುವ ಸೆಫೊಪೆರಜೋನ್ ಎಂಬ ಆಂಟಿಬಯೋಟಿಕ್ ಈ ತೊಂದರೆಗೆ ಹೆಸರುವಾಸಿ. ಸೂಜಿ ಚುಚ್ಚಿದ ಜಾಗ ಜಿನುಗುತ್ತಲೇ ಇರುತ್ತದೆ, ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಕಾಫಿ ಪುಡಿಯಂಥ ಹಳೆಯ ರಕ್ತ ಬರುತ್ತದೆ, ರಕ್ತ ಹೆಪ್ಪುಗಟ್ಟುವುದು ಎಷ್ಟು ತಡವಾಗುತ್ತಿದೆ ಎಂದು ಹೇಳುವ ಐಎನ್ಆರ್ ಅಂಕಿ ಏರಿರುತ್ತದೆ. ಮನೆಯವರು ರಕ್ತ ಹೊಂದಿಸಲು ಓಡಾಡುತ್ತಾರೆ. ಯಕೃತ್ತು ಆರೋಗ್ಯವಾಗಿದ್ದರೆ ನಿಧಾನವಾಗಿ ಕೊಟ್ಟ ಒಂದು ವಿಟಮಿನ್ ಕೆ ಇಂಜೆಕ್ಷನ್ನಿಗೆ ಮರುದಿನದೊಳಗೆ ಐಎನ್ಆರ್ ಇಳಿಯತೊಡಗುತ್ತದೆ.

ಇನ್ನು ಸಿ ಮತ್ತು ಡಿ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಚೀಪಿದ ಮೇಲೆ ಇವುಗಳ ಬಗ್ಗೆ ಜನರಿಗೆ ಭಕ್ತಿಯೇ ಬೆಳೆದಿದೆ, ಕೆಲವು ವೈದ್ಯರಿಗೂ. ತೀವ್ರ ಕಾಯಿಲೆಯಲ್ಲಿ ರಕ್ತದ ವಿಟಮಿನ್ ಸಿ ಮಟ್ಟ ಕುಸಿಯುವುದು ನಿಜ. ಆದರೆ ಸೆಪ್ಸಿಸ್ ರೋಗಿಗಳಿಗೆ ಅದನ್ನು ಭಾರಿ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಟ್ಟು ನೋಡಿದ 2022ರ ಲೋವಿಟ್ ಅಧ್ಯಯನದಲ್ಲಿ ಸಾವು ಅಥವಾ ಅಂಗ ವೈಫಲ್ಯ ಮುಂದುವರಿದದ್ದು ವಿಟಮಿನ್ ಪಡೆದವರಲ್ಲೇ ಹೆಚ್ಚು: ಶೇ 44.5. ಪಡೆಯದವರಲ್ಲಿ ಶೇ 38.5. ಇನ್ನೊಂದು ಕಿಡಿಗೇಡಿತನವೂ ಅದಕ್ಕಿದೆ. ಹೆಚ್ಚು ಸಿ ರಕ್ತದಲ್ಲಿದ್ದಾಗ ಕೆಲವು ಗ್ಲುಕೋಮೀಟರ್‌ಗಳು ಇಲ್ಲದ ಸಕ್ಕರೆಯನ್ನು ತೋರಿಸುತ್ತವೆ. ನರ್ಸ್ ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ನಿಜವಾದ ಸಕ್ಕರೆ ಪಾತಾಳಕ್ಕೆ ಇಳಿದಿರುತ್ತದೆ. ಡಿ ಕೂಡ ಹಾಗೆಯೇ ನಿರಾಸೆ ಮಾಡಿತು. ಐಸಿಯು ಹಂತದ ರೋಗಿಗಳಿಗೆ ಒಮ್ಮೆಗೇ 5,40,000 ಯೂನಿಟ್ ಕೊಟ್ಟು ನೋಡಿದ ಅಮೆರಿಕದ 2019ರ ಅಧ್ಯಯನದಲ್ಲಿ ಸಾವಿನ ಪ್ರಮಾಣ ತಗ್ಗಲಿಲ್ಲ. ಉರಿಯೂತ ಇರುವಾಗ ಎಷ್ಟೋ ವಿಟಮಿನ್‌ಗಳ ಮಟ್ಟ ರಕ್ತದಲ್ಲಿ ತಾನಾಗಿಯೇ ಇಳಿಯುತ್ತದೆ, ಏರಿಸಿದ ದ್ರವದಿಂದ ತೆಳುವಾಗುತ್ತದೆ. ವರದಿಯಲ್ಲಿನ ಕಡಿಮೆ ಅಂಕಿಯೆಲ್ಲ ಕೊರತೆಯಲ್ಲ.

ಬಹುತೇಕ ರೋಗಿಗಳಿಗೆ ನಿತ್ಯದ ವಿಟಮಿನ್ ಸಿಗಬೇಕಾದದ್ದು ಮೂಗಿನ ನಳಿಕೆಯ ಆಹಾರದಿಂದಲೇ. ಸಿದ್ಧ ಫಾರ್ಮುಲಾ ಪುಡಿಗಳಲ್ಲಿ ದಿನಕ್ಕೆ ಸುಮಾರು 1,500 ಕ್ಯಾಲೊರಿ ಒಳಗೆ ಹೋದರೆ ಆರೋಗ್ಯವಂತನಿಗೆ ಬೇಕಾಗುವಷ್ಟು ವಿಟಮಿನ್ ಸಿಗುತ್ತದೆ. ಆದರೆ ಸ್ಕ್ಯಾನಿಗೆ ಹೋಗುವಾಗ ಒಮ್ಮೆ ನಿಲ್ಲುತ್ತದೆ, ಗಂಟಲಿಗೆ ರಂಧ್ರ ಮಾಡುವ ದಿನ ಅರ್ಧ ದಿನ ನಿಲ್ಲುತ್ತದೆ. ಚಾರ್ಟಿನಲ್ಲಿ ಬರೆದದ್ದು ಒಂದು, ಹೊಟ್ಟೆಗೆ ಇಳಿದದ್ದು ಇನ್ನೊಂದು. ಮನೆಯಿಂದ ಅಕ್ಕರೆಯಿಂದ ತರುವ ರಾಗಿ ಗಂಜಿಯ ಕಥೆಯೂ ಇದೇ. ನಳಿಕೆ ಕಟ್ಟಿಕೊಳ್ಳಬಾರದೆಂದು ಅದನ್ನು ತೆಳು ಬಟ್ಟೆಯಲ್ಲಿ ಎರಡು ಸಲ ಸೋಸುತ್ತಾರೆ. ಸಿರಿಂಜಿಗೆ ಬರುವುದು ರಾಗಿ ಬಣ್ಣದ ನೀರು, ಸಾರವೆಲ್ಲ ಬಟ್ಟೆಯಲ್ಲಿ. ಗಂಜಿ ತರುವುದಾದರೆ ಆಸ್ಪತ್ರೆಯ ಆಹಾರ ತಜ್ಞರನ್ನು ಕೇಳಿಯೇ ತನ್ನಿ.

ಕೊನೆಗೆ, ಐಸಿಯು ಬಾಗಿಲಲ್ಲಿ ನಾವು ಕೇಳುವ ಪ್ರಶ್ನೆಗೆ ಉತ್ತರಿಸುವ ಬಗೆ. "ಊಟ ಮಾಡುತ್ತಿದ್ದರಾ?" ಎಂದರೆ "ಚೆನ್ನಾಗಿಯೇ ಮಾಡುತ್ತಿದ್ದರು ಡಾಕ್ಟರೇ" ಎಂದು ಹಿರಿಯ ಮಗ ಹೇಳುತ್ತಾನೆ. ನೋಡಿಕೊಳ್ಳುವುದರಲ್ಲಿ ಕಡಿಮೆ ಮಾಡಿದೆವು ಎಂದು ಯಾರಾದರೂ ಅಂದುಕೊಂಡಾರು ಎಂಬ ಅಳುಕು. ಅರ್ಧ ಗಂಟೆ ಬಿಟ್ಟು ಸೊಸೆ ಒಬ್ಬಳೇ ಬಂದು, "ಒಂದು ತಿಂಗಳಿಂದ ಎರಡು ತುತ್ತು ಮೊಸರನ್ನ ಬಿಟ್ಟರೆ ಮಾವ ಏನೂ ಮುಟ್ಟಿಲ್ಲ ಸರ್" ಎನ್ನುತ್ತಾಳೆ. ಆ ಎರಡನೆಯ ಉತ್ತರವನ್ನೇ ಮೊದಲು ಕೊಡಿ. ಕುಡಿತವಿದ್ದರೆ ಎಷ್ಟು, ಎಷ್ಟು ವರ್ಷದಿಂದ ಎಂದು ಹೇಳಿ, ನಾವು ಯಾರ ಮರ್ಯಾದೆಯನ್ನೂ ಅಳೆಯಲು ಕೇಳುತ್ತಿಲ್ಲ. ವಾಂತಿ ಎಂದಿನಿಂದ, ಪ್ಯಾಂಟು ಎಷ್ಟು ಸಡಿಲವಾಗಿದೆ, ಊರಿನಲ್ಲಿ ಎಷ್ಟು ಬಾಟಲಿ ಏರಿಸಿದರು, ಇವೂ ಬೇಕು. ನುಂಗುತ್ತಿದ್ದ ಮಾತ್ರೆಗಳ ಖಾಲಿ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಬನ್ನಿ. ಅದರಲ್ಲಿ ನೀರಿನ ಮಾತ್ರೆ ಕಂಡರೆ ಬಿ1 ಕಡೆಗೆ ನೋಡುತ್ತೇವೆ, ಸಕ್ಕರೆ ಕಾಯಿಲೆಗೆಂದು ವರ್ಷಗಟ್ಟಲೆ ನುಂಗಿದ ಮೆಟ್‌ಫಾರ್ಮಿನ್ ಕಂಡರೆ, ಅದರಲ್ಲೂ ಸಸ್ಯಾಹಾರಿಗಳಾಗಿದ್ದರೆ, ಬಿ12 ಕಡೆಗೂ.