ಕಿಡ್ನಿ ಕಾಯಿಲೆ ಇದ್ದವರು ಕ್ರೀಮ್ ಚೀಸ್ ತಿನ್ನಬಹುದೇ?

ಪ್ರಶ್ನೆ: ನನ್ನ ತಾಯಿಗೆ ಕಿಡ್ನಿ ಕಾಯಿಲೆ ಮೂರನೆಯ ಹಂತದಲ್ಲಿದೆ. ಚೀಸ್ ಬೇಡವೆಂದು ಎಲ್ಲರೂ ಹೇಳುತ್ತಾರೆ. ಮೊಮ್ಮಗ ಬ್ರೆಡ್ಡಿಗೆ ಸವರಿಕೊಳ್ಳುವ ಕ್ರೀಮ್ ಚೀಸ್ ಅವರಿಗೂ ಇಷ್ಟ. ಕೊಡಬಹುದೇ?

ಉತ್ತರ: ಬಹುತೇಕರಿಗೆ ಕೊಡಬಹುದು, ಅಳತೆ ಮೀರದಂತೆ. ‘ಅದು ಬೇಡ, ಇದು ಬೇಡ’ ಎಂದು ಕೇಳಿ ಕೇಳಿ ಊಟದ ಮೇಲಿನ ಆಸೆಯನ್ನೇ ಕಳೆದುಕೊಳ್ಳುವ ರೋಗಿಗಳಿದ್ದಾರೆ. ಹಸಿವು ಸತ್ತರೆ ಮೈಯ ಶಕ್ತಿಯೂ ಇಳಿಯುತ್ತದೆ. ಹಾಗಾಗಿ ನಿಮ್ಮ ತಾಯಿಯ ಈ ಪುಟ್ಟ ಆಸೆಯನ್ನು ತಳ್ಳಿಹಾಕಬೇಡಿ.

ಚೀಸ್ ಬೇಡ ಎನ್ನುವುದಕ್ಕೆ ಮುಖ್ಯ ಕಾರಣ ರಂಜಕ (ಫಾಸ್ಫರಸ್) ಮತ್ತು ಉಪ್ಪು. ಸೋತ ಕಿಡ್ನಿ ಹೆಚ್ಚಾದ ರಂಜಕವನ್ನು ಹೊರಹಾಕಲಾರದು. ಅದು ರಕ್ತದಲ್ಲಿ ಉಳಿದರೆ ಮೂಳೆ ಸವೆಯುತ್ತದೆ, ರಕ್ತನಾಳಗಳು ಗಡುಸಾಗುತ್ತವೆ. ಗಟ್ಟಿ ಚೀಸಿನಲ್ಲಿ ಹಾಲಿನ ಪ್ರೋಟೀನು ಒತ್ತಾಗಿ ಸೇರಿರುವುದರಿಂದ ರಂಜಕವೂ ಹೆಚ್ಚು. ಕ್ರೀಮ್ ಚೀಸಿನಲ್ಲಿ ಕೆನೆಯದೇ ಮೇಲುಗೈ. ಎರಡು ದೊಡ್ಡ ಚಮಚ, ಅಂದರೆ ಸುಮಾರು 28 ಗ್ರಾಂ ಸಾದಾ ಕ್ರೀಮ್ ಚೀಸಿನಲ್ಲಿ ರಂಜಕ 30 ಮಿ.ಗ್ರಾಂ., ಪೊಟ್ಯಾಸಿಯಂ 40 ಮಿ.ಗ್ರಾಂ., ಸೋಡಿಯಂ 90 ಮಿ.ಗ್ರಾಂ. ಆಸುಪಾಸಿನಲ್ಲಿರುತ್ತದೆ. ಅಷ್ಟೇ ತೂಕದ ಚೆಡ್ಡಾರ್ ಎಂಬ ಗಟ್ಟಿ ಚೀಸಿನಲ್ಲಿ ರಂಜಕ ನಾಲ್ಕು ಪಟ್ಟಿಗೂ ಹೆಚ್ಚು.

ಆದರೆ ಡಬ್ಬಿಯನ್ನು ತಿರುಗಿಸಿ ನೋಡದೆ ಕೊಳ್ಳಬೇಡಿ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 339, 340, 341, 450, 451, 452 ಎಂಬ ಸಂಖ್ಯೆಗಳಿದ್ದರೆ ಅವೆಲ್ಲ ಫಾಸ್ಫೇಟ್‌ಗಳು, ಅಂದರೆ ತಯಾರಿಸುವಾಗ ಬೆರೆಸುವ, ರಂಜಕವುಳ್ಳ ಪದಾರ್ಥಗಳು. ಹಾಲಿನಲ್ಲಿ ಸಹಜವಾಗಿರುವ ರಂಜಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ದೇಹ ಹೀರಿಕೊಂಡರೆ, ಹೀಗೆ ಬೆರೆಸಿದ ರಂಜಕ ಬಹುಪಾಲು ರಕ್ತಕ್ಕೇ ಸೇರುತ್ತದೆ. ಹಾಳೆಹಾಳೆಯಾಗಿ ಸಿಗುವ ಚೀಸ್ ಸ್ಲೈಸ್‌ಗಳಲ್ಲಿ ಇವು ಸಾಮಾನ್ಯ. ಆ ಪೊಟ್ಟಣವನ್ನು ದೂರವೇ ಇಡಿ.

ಇನ್ನೊಂದು ಎಚ್ಚರಿಕೆ, ಬಹಳ ಮಂದಿ ಎಡವುವುದು ಇಲ್ಲಿಯೇ. ಆರೋಗ್ಯಕ್ಕೆ ಒಳ್ಳೆಯದೆಂದು ಕೊಬ್ಬು ತೆಗೆದ ಕ್ರೀಮ್ ಚೀಸ್ ತರುತ್ತಾರೆ. ಕೊಬ್ಬು ಹೋದ ಜಾಗಕ್ಕೆ ಪ್ರೋಟೀನು, ಉಪ್ಪು ಬರುತ್ತವೆ. 28 ಗ್ರಾಂನಲ್ಲಿ ರಂಜಕ 150 ಮಿ.ಗ್ರಾಂ.ವರೆಗೂ ಏರಬಹುದು. ಹಾಗೆಂದು ಸಾದಾ ಕ್ರೀಮ್ ಚೀಸನ್ನು ದಿನವೂ ತಿನ್ನುವಂತಿಲ್ಲ. ಎರಡು ಚಮಚದಲ್ಲಿ ಸುಮಾರು 6 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ, ಕಿಡ್ನಿ ರೋಗಿಗಳಿಗೆ ಹೃದಯದ ಅಪಾಯವೂ ಜಾಸ್ತಿ. ವಾರಕ್ಕೆ ಎರಡು ಸಲ ಸಾಕೆಂದು ನನ್ನ ಅಭಿಪ್ರಾಯ.

ಬ್ರೆಡ್ಡಿನಲ್ಲೇ ಉಪ್ಪಿರುತ್ತದೆ, ಉಪ್ಪು ಹಾಕದ ಬಿಸಿ ಚಪಾತಿಯ ಮೇಲೆ ತೆಳ್ಳಗೆ ಸವರಿ, ಮೇಲೆ ಸೌತೆಕಾಯಿಯ ಬಿಲ್ಲೆ ಜೋಡಿಸಿ, ಚಿಟಿಕೆ ಮೆಣಸಿನ ಪುಡಿ ಉದುರಿಸಿ ಕೊಡಿ. ಚಾಟ್ ಮಸಾಲೆ ಬೇಡ. ಅಂದು ಉಪ್ಪಿನಕಾಯಿ, ಹಪ್ಪಳಕ್ಕೆ ರಜೆ. ದಿನದ ಒಟ್ಟು ಸೋಡಿಯಂ 2 ಗ್ರಾಂ ಒಳಗಿರಬೇಕು.

ರಕ್ತದಲ್ಲಿ ರಂಜಕ ಈಗಾಗಲೇ ಹೆಚ್ಚಿದ್ದರೆ ಅಥವಾ ಡಯಾಲಿಸಿಸ್ ನಡೆಯುತ್ತಿದ್ದರೆ ಡಬ್ಬಿಯ ಲೇಬಲ್ಲಿನ ಫೋಟೋವನ್ನು ವೈದ್ಯರಿಗೋ ಆಹಾರತಜ್ಞರಿಗೋ ತೋರಿಸಿದ ಬಳಿಕವೇ ಕೊಡಿ. ಕಿಡ್ನಿ ಕಸಿ ಮಾಡಿಸಿಕೊಂಡವರಿಗೆ ಪಾಶ್ಚರೀಕರಿಸಿದ ಹಾಲಿನಿಂದ ಮಾಡಿದ್ದೇ ಆಗಬೇಕು. ತೆರೆದ ಡಬ್ಬಿ ಫ್ರಿಜ್ಜಿನಲ್ಲಿರಲಿ, ಮತ್ತು ಮೊಮ್ಮಗ ಬಳಸಿದ ಚಮಚವನ್ನೇ ಮತ್ತೆ ಅದರೊಳಗೆ ಅದ್ದದಿರಲಿ.