ಕಡಲಡಿಯ ತಂತಿಗೆ ಅರ್ಧ ದರ ಬಂದಿದ್ದು ಹೇಗೆ?

ತಂತಿ ಸಂದೇಶ (ಟೆಲಿಗ್ರಾಂ) ಸಾಗಿಸಲು ಕಡಲಡಿಯಲ್ಲಿ ಕೇಬಲ್ ಹಾಕಿದ ಕಂಪನಿಗಳಿಗೆ ಶುರುವಿನಿಂದಲೂ ಒಂದು ತಲೆನೋವಿತ್ತು. ಕೇಬಲ್‌ಗೆ ಸುರಿದ ದುಡ್ಡು ಸುರಿದಾಗಿದೆ. ಅದರಲ್ಲಿ ಸಂದೇಶ ಹೋದರೂ ಅಷ್ಟೇ, ಹೋಗದಿದ್ದರೂ ಅಷ್ಟೇ. ಆದರೆ ರಾತ್ರಿಯಾದರೆ ಕೇಳುವವರೇ ಇಲ್ಲ.

1866ರಲ್ಲಿ ‘ಗ್ರೇಟ್ ಈಸ್ಟರ್ನ್’ ಹಡಗು ಐರ್ಲೆಂಡ್ ಮತ್ತು ನ್ಯೂಫೌಂಡ್‌ಲ್ಯಾಂಡ್ ನಡುವೆ ಕೇಬಲ್ ಇಳಿಸಿತು. ಆಗ 20 ಪದಕ್ಕೆ 20 ಪೌಂಡ್! ವಿಳಾಸವೂ ಆ ಲೆಕ್ಕದಲ್ಲೇ ಬರುತ್ತಿತ್ತು. ಸಾಮಾನ್ಯ ಜನ ಅದರ ಹತ್ತಿರ ಸುಳಿಯುವಂತಿರಲಿಲ್ಲ. ಪೈಪೋಟಿ ಜಾಸ್ತಿಯಾಗಿ, 1888ರ ಹೊತ್ತಿಗೆ ದರ ಪದಕ್ಕೆ ಒಂದು ಶಿಲ್ಲಿಂಗ್‌ಗೆ (ಪೌಂಡಿನ ಇಪ್ಪತ್ತರಲ್ಲೊಂದು ಪಾಲು) ಬಂತು. ಆಮೇಲೆ ಬಹಳ ವರ್ಷ ಅಲ್ಲೇ ನಿಂತುಬಿಟ್ಟಿತು.

ಗಿರಾಕಿಗಳಲ್ಲಿ ಹೆಚ್ಚಿನವರು ವ್ಯಾಪಾರಿಗಳು. ಅವರ ಗಡಿಬಿಡಿಯೆಲ್ಲ ಕೆಲವೇ ಗಂಟೆಗಳದ್ದು. ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ 10ಕ್ಕೆ ಷೇರುಪೇಟೆ ತೆರೆಯುವಾಗ ಲಂಡನ್‌ನಲ್ಲಿ ಮಧ್ಯಾಹ್ನ 3 ಗಂಟೆ. ಎರಡೂ ಕಡೆ ಪೇಟೆ ತೆರೆದಿರುವ ಆ ಸ್ವಲ್ಪ ಹೊತ್ತಿನಲ್ಲಿ ತಂತಿಗೆ ಪುರುಸೊತ್ತೇ ಇಲ್ಲ. ನ್ಯೂಯಾರ್ಕ್‌ನಲ್ಲಿ ರಾತ್ರಿ 11 ಆದಾಗ ಲಂಡನ್‌ನಲ್ಲಿ ಬೆಳಗಿನ ಜಾವ 4. ಆಗ ಯಾರು ಯಾರಿಗೆ ತಂತಿ ಕಳಿಸುತ್ತಾರೆ?

ಈ ಖಾಲಿ ಹೊತ್ತನ್ನು ಅಗ್ಗಕ್ಕೆ ಮಾರಬಹುದಲ್ವಾ ಅನ್ನುವುದು ಸರಳ ಯೋಚನೆ. ಕಂಪನಿಗಳು ಬೇಗ ಒಪ್ಪಲಿಲ್ಲ. ಪೂರ್ತಿ ದುಡ್ಡು ಕೊಡುವ ವ್ಯಾಪಾರಿಯೂ ಅಗ್ಗದ ಸಾಲಿಗೆ ಬಂದು ನಿಂತರೆ ಏನು ಗತಿ ಎಂಬ ಭಯ. ಬ್ರಿಟನ್ ಸಂಸದ ಹೆನ್ನಿಕರ್ ಹೀಟನ್ ಅಗ್ಗದ ಕೇಬಲ್ ದರಕ್ಕಾಗಿ ವರ್ಷಗಟ್ಟಲೆ ಪಟ್ಟು ಹಿಡಿದಿದ್ದರು. ಅಮೆರಿಕದ ಒಳಗೆ ವೆಸ್ಟರ್ನ್ ಯೂನಿಯನ್ ಎಂಬ ತಂತಿ ಕಂಪನಿ 1910ರಲ್ಲಿ ‘ನೈಟ್ ಲೆಟರ್’ ತಂದಿತು. ಹಗಲಿನ 10 ಪದದ ದರಕ್ಕೆ 50 ಪದ. ರಾತ್ರಿ ಕಳಿಸಿ, ಬೆಳಿಗ್ಗೆ ತಲುಪಿಸುವುದು.

ಅಟ್ಲಾಂಟಿಕ್ ಕೇಬಲ್‌ನಲ್ಲಿ ಅರ್ಧ ದರದ ‘ಡಿಫರ್ಡ್’ (ತಡವಾಗಿ ಕಳಿಸುವ) ಸೇವೆ ಬಂದಿದ್ದು 1912ರ ಜನವರಿಯಲ್ಲಿ. ಪೂರ್ತಿ ದರದ ಸಂದೇಶಗಳೆಲ್ಲ ಹೋದ ಮೇಲೆ ಇವಕ್ಕೆ ಸರದಿ. ಇದರ ಜಾಣತನ ಇರುವುದು ಗಡಿಯಾರಕ್ಕಿಂತ ಹೆಚ್ಚಾಗಿ ಒಂದು ಷರತ್ತಿನಲ್ಲಿ: ಸಂದೇಶ ಮಾಮೂಲಿ ಭಾಷೆಯಲ್ಲಿರಬೇಕು, ಕೋಡ್ ಬಳಸುವಂತಿಲ್ಲ. ವ್ಯಾಪಾರಿಗಳ ಬಳಿ ದಪ್ಪ ಕೋಡ್ ಪುಸ್ತಕಗಳಿದ್ದವು. ಅದರಲ್ಲಿ ಒಂದೊಂದು ಪದಕ್ಕೆ ಒಂದೊಂದು ಇಡೀ ವಾಕ್ಯದ ಅರ್ಥ. ಜತೆಗೆ ಗುಟ್ಟೂ ಉಳಿಯುತ್ತಿತ್ತು. ಕೋಡ್ ಬಿಟ್ಟರೆ ಅರ್ಧ ದರದಲ್ಲೂ ಅವರಿಗೆ ಖರ್ಚು ಹೆಚ್ಚೇ. ಹಾಗಾಗಿ ವ್ಯಾಪಾರಿ ಹಳೆಯ ದರದಲ್ಲೇ ಉಳಿದ, ಮನೆಗೆ ಕ್ಷೇಮಸಮಾಚಾರ ಬರೆಯುವವನು ಹೊಸ ದರಕ್ಕೆ ಬಂದ. ಕಂಪನಿಗೆ ಬೇಕಾಗಿದ್ದೂ ಅದೇ.

ಗುಮಾಸ್ತರಿಗೆ ಮಾತ್ರ ಹೊಸ ಕೆಲಸ ಗಂಟುಬಿತ್ತು. ಬರೆದದ್ದು ನಿಜಕ್ಕೂ ಮಾಮೂಲಿ ಭಾಷೆಯೇ ಎಂದು ನೋಡಬೇಕು. ಕಳಿಸುವವರು ಹಾಗೆಂದು ಫಾರಂನಲ್ಲಿ ಸಹಿ ಹಾಕಬೇಕು. ಸಂದೇಶದ ಮೇಲೆ ‘ಎಲ್‌ಸಿಒ’ ಎಂದಿದ್ದರೆ ಕಳಿಸುವ ದೇಶದ ಭಾಷೆ, ‘ಎಲ್‌ಸಿಡಿ’ ಎಂದರೆ ತಲುಪುವ ದೇಶದ್ದು, ‘ಎಲ್‌ಸಿಎಫ್’ ಎಂದರೆ ಫ್ರೆಂಚ್. ಇನ್ನೂ ನಿಧಾನವಾದರೂ ಪರವಾಗಿಲ್ಲ ಎನ್ನುವವರಿಗೆ ವಾರಾಂತ್ಯದ ಪತ್ರ-ತಂತಿಯೂ ಬಂತು.

1927ರ ಹೊತ್ತಿಗೆ ಬ್ರಿಟನ್ನಿನ ಬೀಮ್ ವೈರ್‌ಲೆಸ್ (ಒಂದೇ ದಿಕ್ಕಿಗೆ ರೇಡಿಯೊ ಅಲೆ ಹಾಯಿಸುವ ವ್ಯವಸ್ಥೆ) ಕೇಬಲ್‌ಗಿಂತ ಅಗ್ಗವಾಗಿ ಸಂದೇಶ ಸಾಗಿಸತೊಡಗಿತು. ಕೇಬಲ್ ಕಂಪನಿಗಳು ಕಂಗಾಲಾದವು. 1929ರಲ್ಲಿ ಎರಡನ್ನೂ ಒಂದೇ ಸಂಸ್ಥೆಯೊಳಗೆ ತಂದರು. ನಿಧಾನದ ರಿಯಾಯಿತಿ ಮಾತ್ರ ಹೋಗಲಿಲ್ಲ. ಮುಂದೆ ‘ಎಲ್‌ಟಿ’ (ಲೆಟರ್ ಟೆಲಿಗ್ರಾಂ, ಅಂದರೆ ಪತ್ರ-ತಂತಿ) ಎಂಬ ಗುರುತಿನಲ್ಲಿ ಅರ್ಧ ದರ ಉಳಿಯಿತು, ಆದರೆ ಕನಿಷ್ಠ 22 ಪದದ ದುಡ್ಡು ಕಟ್ಟಬೇಕಿತ್ತು. ಅಂದರೆ 11 ಪದಕ್ಕಿಂತ ಕಡಿಮೆ ಬರೆಯುವವರಿಗೆ ಪೂರ್ತಿ ದರದ ತಂತಿಯೇ ಅಗ್ಗ, ಅದೂ ಬೇಗ ತಲುಪುತ್ತಿತ್ತು.